ಒಂದಾದರೂ?

ನನ್ನ ಮಗ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ಕಳೆಯತೊಡಗಿದ ದಿನದಿಂದ ನನ್ನ ಅನುಮಾನಕ್ಕೆ ಕಾಲು ಬಂತು. ಆಗ ಅವನು ಸಿಗರೇಟು ಬಿಟ್ಟು ಮೂರು ತಿಂಗಳು. ಬಿಟ್ಟಿದ್ದೇನೆ ಎಂದು ಅವನು ಹೇಳುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ, ಅಷ್ಟೇ.

ಅವನಿಗೆ ಮೂವತ್ತಾರು ವರ್ಷ. ಗಾಜಿನ ಅಂಗಡಿಯಲ್ಲಿ ಕೆಲಸ. ಕಿಟಕಿಗೆ, ಕನ್ನಡಿಗೆ, ಮೇಜಿನ ಮೇಲೆ ಹಾಸುವುದಕ್ಕೆ ಅಳತೆ ಹಿಡಿದು ಗಾಜು ಕೊಯ್ಯುತ್ತಾನೆ. ಕೊಯ್ಯುವಾಗ ಕೈ ನಡುಗಬಾರದು, ಉಸಿರನ್ನೂ ಹಿಡಿದಿರಬೇಕು. ಗಾಜಿನ ಹಾಳೆ ಸರಿಯಾಗಿ ಎರಡು ಹೋಳಾದ ಮೇಲೆ ಹೊರಗೆ ಹೋಗಿ ಒಂದು ಸೇದಿ ಬರುವುದು ಹದಿನೆಂಟು ವರ್ಷದ ರೂಢಿ. ಒಂದು ಹಾಳೆಗೆ ಒಂದು. ಕೆಲಸ ಜೋರಾಗಿದ್ದ ದಿನ ಅವನು ಮನೆಗೆ ಬಂದರೆ ಅವನಿಗಿಂತ ಮೊದಲು ವಾಸನೆ ಒಳಗೆ ಬರುತ್ತಿತ್ತು.

ಬಿಡುವ ಮಾತು ಎದ್ದದ್ದು ಹೆಬ್ಬೆರಳು ಕೊಯ್ದುಕೊಂಡಾಗ. ನಮ್ಮ ಬೀದಿಯ ತುದಿಯ ಆರೋಗ್ಯ ಕೇಂದ್ರಕ್ಕೆ ಹೋದ. ಡಾಕ್ಟರು ಹೊಲಿಗೆ ಹಾಕುತ್ತಾ, "ಸಿಗರೇಟು ಸೇದ್ತೀರಾ?" ಎಂದು ಕೇಳಿದರಂತೆ.

"ಸೇದ್ತೀನಿ. ಬೆರಳಿಗೂ ಅದಕ್ಕೂ ಏನು ಸಂಬಂಧ?"

"ಏನೂ ಇಲ್ಲ. ಇಲ್ಲಿಗೆ ಯಾರು ಯಾಕೆ ಬಂದ್ರೂ ಕೇಳ್ತೀವಿ. ಬಿಡಬೇಕು ಅನ್ನಿಸಿದ್ರೆ ಪಕ್ಕದ ಕೋಣೇಲಿ ಸಿಸ್ಟರ್ ಇರ್ತಾರೆ."

ಹೊಲಿಗೆ ಬಿಚ್ಚಿಸಲು ಹೋದಾಗ ಮತ್ತೆ ಅದೇ ಪ್ರಶ್ನೆ. ನನ್ನ ಮೊಮ್ಮಗಳಿಗೆ ಕಿವಿನೋವು ಎಂದು ಕರೆದುಕೊಂಡು ಹೋದಾಗ ಮತ್ತೆ. "ಆ ಮನುಷ್ಯನಿಗೆ ಬೇರೆ ಮಾತೇ ಬರಲ್ಲಮ್ಮ," ಎಂದು ಮಗ ಮನೆಗೆ ಬಂದು ನಕ್ಕ. ನಗುತ್ತಲೇ, ಹೇಗೂ ಹೋಗಿದ್ದೆನಲ್ಲ ಎಂದು ಪಕ್ಕದ ಕೋಣೆಯ ಬಾಗಿಲು ತಟ್ಟಿದೆ ಎಂದೂ ಹೇಳಿದ.

ಆ ಕೋಣೆ ನನಗೂ ಈಗ ಚೆನ್ನಾಗಿ ಗೊತ್ತು. ಒಂದು ಮೇಜು, ತೂಕದ ಯಂತ್ರ, ಔಷಧಿಯ ಬೀರು. ಬೀರುವಿನ ಗಾಜು ಮೂಲೆಯಲ್ಲಿ ಸೊಟ್ಟ ಕೊಯ್ದಿದೆ ಎಂದು ನನ್ನ ಮಗ ಮೊದಲ ದಿನವೇ ಸಿಸ್ಟರಿಗೆ ಹೇಳಿದ್ದನಂತೆ. ಮೇಜಿನ ಮೇಲೆ ಫೋನಿನಷ್ಟು ದೊಡ್ಡ ಒಂದು ಯಂತ್ರ, ಅದಕ್ಕೆ ಕಾಗದದ ಕೊಳವೆ. ಉಸಿರು ಹಿಡಿದು, ಹದಿನೈದು ಎಣಿಸಿ, ನಿಧಾನವಾಗಿ ಊದಿದರೆ ಒಂದು ಸಂಖ್ಯೆ ತೋರಿಸುತ್ತದೆ. ಸೇದದವರಿಗೆ ಐದರೊಳಗೆ ಬರಬೇಕು. ಅವನಿಗೆ ಮೊದಲ ದಿನ ಇಪ್ಪತ್ತೇಳು ಬಂತು.

ಸಿಸ್ಟರು ತೋಳಿಗೆ ಅಂಟಿಸುವ ಪಟ್ಟಿ ಕೊಟ್ಟರು, ಅಗಿಯುವ ಗಮ್ ಕೊಟ್ಟರು. ಮೊದಲ ವಾರ ಎರಡು ಸಲ ತಾವೇ ಫೋನು ಮಾಡಿದರು. ಆಮೇಲೆ ತಿಂಗಳಿಗೊಮ್ಮೆ ಬರಬೇಕು, ಪೂರ್ತಿ ಒಂದು ವರ್ಷ. "ಮೊದಲನೇ ವಾರ ಎಲ್ಲರೂ ಬಿಡ್ತಾರೆ. ನಾನು ನೋಡೋದು ವರ್ಷ," ಎಂದರು.

ಬಿಟ್ಟಿರಾ ಎಂದು ಅವರು ಯಾವತ್ತೂ ಕೇಳಿದ್ದಿಲ್ಲ. ಕಾರ್ಡು ಮುಂದೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆಯುತ್ತಾ, "ಹೋದ ಸಲ ಇಲ್ಲಿಂದ ಹೋದ್ಮೇಲೆ, ಒಂದಾದ್ರೂ?" ಎನ್ನುತ್ತಾರೆ. ಕಾಫಿಗೆ ಸಕ್ಕರೆ ಬೇಕಾ ಎಂದು ಕೇಳುವ ದನಿ. ಬೇಕು ಎಂದರೂ ಸರಿ, ಬೇಡ ಎಂದರೂ ಸರಿ.

ನನಗೂ ಒಂದು ಮಾತು ಹೇಳಿದ್ದರು. "ಅಮ್ಮ, ಮನೇಲಿ ನೀವು ಕೇಳ್ಬೇಡಿ. ಕೇಳೋ ಕೆಲಸ ನಂದು. ದಿನಾ ಕೇಳಿದ್ರೆ ಸುಳ್ಳು ಹೇಳೋದು ಅಭ್ಯಾಸ ಆಗಿಬಿಡತ್ತೆ."

ಆಗಲಿ ಎಂದೆ. ಕೇಳಬೇಡಿ ಎಂದಿದ್ದರು. ಮೂಸಬೇಡಿ ಎಂದಿರಲಿಲ್ಲ.

ನನ್ನನ್ನು ಕೆಟ್ಟ ತಾಯಿ ಎಂದುಕೊಳ್ಳುವ ಮೊದಲು ಇದನ್ನು ತಿಳಿಯಿರಿ. ಇವನ ಅಪ್ಪ ನಮ್ಮ ಸಂಸಾರದಲ್ಲಿ ಏಳು ಸಲ ಸಿಗರೇಟು ಬಿಟ್ಟಿದ್ದರು. ಏಳನೆಯ ಸಲ ಬಿಟ್ಟಿದ್ದು ಹನ್ನೊಂದು ವರ್ಷ. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿನ ಡಾಕ್ಟರು ಕೇಳಿದರು. ಹನ್ನೊಂದು ವರ್ಷದಿಂದ ಮುಟ್ಟಿಲ್ಲ ಎಂದರು ಇವರು. "ಹೌದು ಡಾಕ್ಟ್ರೇ, ನಾನೇ ಸಾಕ್ಷಿ," ಎಂದೆ ನಾನು. ಡಾಕ್ಟರು ಎಕ್ಸ್‌ರೇ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಏನೂ ಕೇಳಲಿಲ್ಲ. ಇವನ ಅಪ್ಪ ತೀರಿಕೊಂಡ ಮೇಲೆ ಗೋಡೆ ಗಡಿಯಾರ ನಿಂತುಹೋಯಿತು. ರಿಪೇರಿಗೆಂದು ಇಳಿಸಿದರೆ ಅದರ ಹೊಟ್ಟೆಯಲ್ಲಿ ಒಂದು ಪ್ಯಾಕೆಟ್ಟು, ಬೆಂಕಿಪೊಟ್ಟಣ. ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಎಷ್ಟು ಜೋಪಾನ ಎಂದು ನಾನು ಎದುರುಮನೆಯವಳಿಗೂ ಹೇಳಿಕೊಂಡಿದ್ದೆ.

ಹೀಗೆ ಒಮ್ಮೆ ಮೋಸಹೋದ ಮೂಗು ಇದು. ಮಗನನ್ನೂ ಹಾಗೆಯೇ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಂಗಿ ಒಗೆಯುವ ಮೊದಲು ಕಾಲರ್ ಮೂಸುತ್ತಿದ್ದೆ, ತೋಳು ಮೂಸುತ್ತಿದ್ದೆ, ಜೇಬು ಒಳಗಿನದು ಹೊರಗೆ ಮಾಡುತ್ತಿದ್ದೆ. ಒಮ್ಮೆ ಅವನ ಬನಿಯನ್ನಿಗೆ ಅಂಟಿದ್ದ ಔಷಧಿ ಪಟ್ಟಿ ನನ್ನ ಕೈಗೆ ಅಂಟಿಕೊಂಡಿತು. ಅದರಲ್ಲಿಯೂ ಸಿಗರೇಟಿನದೇ ನಿಕೋಟಿನ್ ಇರುತ್ತದೆ ಎಂದು ಸೊಸೆ ಹೇಳಿದ ಮೇಲೆ ಆ ಪಟ್ಟಿಯ ಮೇಲೂ ನನಗೆ ನಂಬಿಕೆ ಹೋಯಿತು. ಕಳ್ಳನನ್ನು ಹಿಡಿಯಲು ಕಳ್ಳನ ತಮ್ಮನನ್ನೇ ಕಳಿಸಿದ ಹಾಗೆ ಕಂಡಿತು.

ಒಂದು ದಿನ ಊಟದ ಡಬ್ಬಿ ಹಿಡಿದು ಹೇಳದೆ ಕೇಳದೆ ಅಂಗಡಿಗೇ ಹೋದೆ. ಗಾಜಿನ ಹಾಳೆಗಳು ಗೋಡೆಗೆ ಒರಗಿ ನಿಂತಿದ್ದವು. ಮಗ ಉದ್ದ ಮೇಜಿನ ಮೇಲೆ ಬಗ್ಗಿ, ಕನ್ನಡಿಗೆ ಹಾ ಎಂದು ಉಸಿರು ಬಿಟ್ಟು, ಬಟ್ಟೆಯಿಂದ ಒರೆಸುತ್ತಿದ್ದ. ಅಂಗಡಿಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಮ್ಮ, ಊಟ ತಂದಿರೋ, ತನಿಖೆಗೆ ಬಂದಿರೋ?"

"ಡಬ್ಬಿ ಮರೆತು ಬಂದಿದ್ದ."

"ಡಬ್ಬಿ ಅಲ್ಲೇ ಗೂಟಕ್ಕೆ ನೇತಾಡ್ತಿದೆಯಲ್ಲ."

ನೋಡಿದೆ. ನೇತಾಡುತ್ತಿತ್ತು. ಬೆಳಿಗ್ಗೆ ನಾನೇ ಕಟ್ಟಿಕೊಟ್ಟದ್ದು. ಮಗ ತಲೆ ಎತ್ತಲಿಲ್ಲ. "ಬಿಡಿ ಸಾರ್, ಇವತ್ತು ನಂಗೆ ಎರಡು ಊಟ," ಎಂದ. ಅವನ ಕಿವಿ ಕೆಂಪಾಗಿತ್ತು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಅಂಗಿಯಲ್ಲಿ ಇಲ್ಲ, ಅಂಗಡಿಯಲ್ಲಿ ಇಲ್ಲ ಎಂದ ಮೇಲೆ ಇನ್ನೆಲ್ಲೋ ಇರಬೇಕು ಎಂದೇ ನನ್ನ ಲೆಕ್ಕ ಓಡಿತು. ಆಗ ಕಣ್ಣಿಗೆ ಬಿದ್ದದ್ದು ಬಚ್ಚಲುಮನೆ. ಹತ್ತು ನಿಮಿಷದಲ್ಲಿ ಸ್ನಾನ ಮುಗಿಸುತ್ತಿದ್ದವನು ಅರ್ಧ ಗಂಟೆ ಒಳಗಿರುತ್ತಿದ್ದ.

ಸೊಸೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದವಳು. ಮಾತು ಚಿಲ್ಲರೆಯ ಹಾಗೆ ಎಣಿಸಿ ಕೊಡುತ್ತಾಳೆ. "ಬಿಸಿನೀರು ಬಿದ್ರೆ ಸೇದಬೇಕು ಅನ್ನೋ ಚಡಪಡಿಕೆ ಇಳಿಯತ್ತಂತೆ ಅತ್ತೆ. ಬೆಳಿಗ್ಗೆ ಹೊತ್ತೇ ಅವರಿಗೆ ಕಷ್ಟ," ಎಂದಳು.

"ನಿನಗೆ ಯಾರು ಹೇಳಿದ್ದು?"

"ಅವರೇ."

ಅವರೇ. ನನಗೂ ಒಂದು ಕಾಲದಲ್ಲಿ ಎಲ್ಲವನ್ನೂ ಅವರೇ ಹೇಳುತ್ತಿದ್ದರು.

ನಮ್ಮ ಬಚ್ಚಲುಮನೆ ಚಿಕ್ಕದು. ಒಂದು ಗೋಡೆಗೆ ಗ್ಯಾಸ್ ಗೀಸರ್. ಅದರ ಮೇಲೆ, ಸೂರಿನ ಹತ್ತಿರ, ಒಂದು ಗೇಣಿನ ಕಿಂಡಿ. ಅವನ ಅಪ್ಪ ಹೊಸದಾಗಿ ಮದುವೆಯಾದ ಕಾಲದಲ್ಲಿ ನನ್ನ ಮಾವನವರಿಗೆ ಹೆದರಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು, ಆ ಕಿಂಡಿಯಿಂದಲೇ ಹೊಗೆ ಹೊರಗೆ ಬಿಡುತ್ತಿದ್ದರು. ಅದು ನೆನಪಾದದ್ದೇ ತಡ, ಎಲ್ಲವೂ ಸ್ಪಷ್ಟವಾದಂತೆ ಅನಿಸಿತು. ಹೊಗೆ ಕಿಂಡಿಯಿಂದ ಹೋಗುತ್ತಿದೆ. ಅದಕ್ಕೇ ನನಗೆ ಸಿಗುತ್ತಿಲ್ಲ.

ಮನೆಯಲ್ಲಿ ಯಾರೂ ಇಲ್ಲದಾಗ ಸ್ಟೂಲು ಹತ್ತಿ, ಹಳೆಯ ಹಾಸಿಗೆ ಬಟ್ಟೆಯೊಂದನ್ನು ಮಡಿಸಿ ಆ ಕಿಂಡಿಗೆ ಗಿಡಿದೆ. ಬೆರಳು ತೂರದಷ್ಟು ಬಿಗಿಯಾಗಿ. ಈಗ ಸೇದಲಿ, ಹೊಗೆ ಎಲ್ಲಿಗೆ ಹೋಗುತ್ತೋ ನೋಡೋಣ ಎಂದುಕೊಂಡೆ. ಸೊಸೆ ಒಮ್ಮೆ ತಲೆ ಎತ್ತಿ ನೋಡಿ ಕೇಳಿದಾಗ, ಚಳಿಗಾಳಿ ಬರುತ್ತೆ, ಮಗುವಿಗೆ ಶೀತವಾಗುತ್ತೆ ಎಂದೆ. ಹೇಳುವಾಗ ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ.

ಆಮೇಲೆ ಮೂರು ವಾರ ನನ್ನ ಕೆಲಸ ಒಂದೇ. ಅವನು ಸ್ನಾನ ಮಾಡಿ ಹೊರಬಂದ ತಕ್ಷಣ ನಾನು ಬಟ್ಟೆಯ ರಾಶಿ ಹಿಡಿದು ಒಳಗೆ ನುಗ್ಗುವುದು, ಬಾಗಿಲು ಹಾಕಿಕೊಳ್ಳುವುದು, ಮೂಗರಳಿಸಿ ನಿಲ್ಲುವುದು. ಸೋಪಿನ ವಾಸನೆ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಆದರೂ ಬಿಡದೆ, ಬಿಸಿನೀರು ಬಿಟ್ಟುಕೊಂಡು ಅಲ್ಲಿಯೇ ಬಟ್ಟೆ ಒಗೆಯುತ್ತಾ ಕಾಯುತ್ತಿದ್ದೆ. ದಿನವೂ ತಲೆನೋವು ಬರತೊಡಗಿತು. ಮಗನ ಚಿಂತೆ ನನ್ನ ತಲೆಗೇ ಏರಿದೆ ಎಂದುಕೊಂಡೆ. ಎರಡನೆಯ ತರಗತಿಯ ಮೊಮ್ಮಗಳು ಸ್ನಾನ ಮಾಡಿಸಿದ ಮೇಲೆ ಮೇಜಿನ ಮೇಲೆ ತಲೆಯಿಟ್ಟು, "ಅಜ್ಜಿ, ತಲೆ ಗಿರ್ ಅನ್ನತ್ತೆ," ಎನ್ನುತ್ತಿದ್ದಳು. ಶಾಲೆ ತಪ್ಪಿಸಲು ನೆಪ ಎಂದು ಗದರಿದೆ. ಮನೆಯಲ್ಲಿ ಯಾರ ಮಾತನ್ನೂ ನಂಬದ ಕಾಲ ಅದು.

ನಾಲ್ಕನೆಯ ತಿಂಗಳ ಭೇಟಿಯ ದಿನ ಬಂತು. ಶಾಲೆಗೆ ರಜೆ, ಸೊಸೆಗೆ ಮಧ್ಯಾಹ್ನದ ಪಾಳಿ. ಮಗ ಸ್ನಾನ ಮಾಡಿದ, ನಾನೂ ಬಟ್ಟೆ ಒಗೆದು ಸ್ನಾನ ಮಾಡಿದೆ. ಬಿಪಿ ನೋಡಿಸಬೇಕು ಎಂಬ ನೆಪದಲ್ಲಿ ಪ್ರತಿ ಸಲದಂತೆ ಅವನ ಹಿಂದೆಯೇ ಹೊರಟೆ.

"ಹೋದ ಸಲ ಇಲ್ಲಿಂದ ಹೋದ್ಮೇಲೆ, ಒಂದಾದ್ರೂ?"

"ಒಂದೂ ಇಲ್ಲ ಸಿಸ್ಟರ್."

"ಊದಿ."

ಊದಿದ. ಹದಿನಾಲ್ಕು.

ಹಿಂದಿನ ಮೂರು ತಿಂಗಳು ಐದು, ಮೂರು, ಮೂರು ಎಂದು ಕಾರ್ಡಿನಲ್ಲಿತ್ತು. ಸಿಸ್ಟರು ಕೊಳವೆ ಬದಲಾಯಿಸಿ ಮತ್ತೊಮ್ಮೆ ಊದಿಸಿದರು. ಮತ್ತೆ ಹದಿನಾಲ್ಕು.

ಆಗ ನನಗೆ ಮೊದಲು ಬಂದದ್ದು ದುಃಖವಲ್ಲ. ಸಿಕ್ಕಿಬಿದ್ದ ಎಂಬ ಸಮಾಧಾನ. ಮೂರು ತಿಂಗಳ ನನ್ನ ಮೂಸಾಟಕ್ಕೆ ಯಂತ್ರವೇ ಮೊಹರು ಒತ್ತಿದ ಹಾಗೆ. ದುಃಖ ಅದರ ಹಿಂದಿನಿಂದ ಬಂತು. ಅಷ್ಟರಲ್ಲಿ ಮಗ ನನ್ನ ಮುಖ ನೋಡಿಬಿಟ್ಟಿದ್ದ.

ಅವನು ಎದ್ದು ನಿಂತ. "ಸೇದಿದ್ರೂ ಸೇದಿದ, ಸೇದದಿದ್ರೂ ಸೇದಿದ. ಹಾಗಾದ್ರೆ ಸೇದೋದೇ ವಾಸಿ ಅಲ್ವಾ ಸಿಸ್ಟರ್? ಇಷ್ಟು ಒದ್ದಾಡೋದಾದ್ರೂ ತಪ್ಪತ್ತೆ." ಅವನ ಕೈ ಆಗಲೇ ಬಾಗಿಲ ಹಿಡಿಕೆಯ ಮೇಲಿತ್ತು. ಕಿಟಕಿಯ ಆಚೆ, ರಸ್ತೆಯ ಎದುರುಬದಿಯಲ್ಲೇ ಸಿಗರೇಟಿನಂಗಡಿ.

"ಕೂತ್ಕೊಳ್ಳಿ. ನಾನು ಏನಾದ್ರೂ ಅಂದ್ನಾ?" ಎಂದರು ಸಿಸ್ಟರು.

"ನೀವು ಅನ್ನಲಿಲ್ಲ. ಅಮ್ಮ ಅಂದಳು."

"ನಾನು ಬಾಯೇ ತೆಗೆದಿಲ್ಲವಲ್ಲೋ," ಎಂದೆ.

"ಬಾಯಿ ಯಾಕಮ್ಮ ನಿಂಗೆ. ಮೂಗಿದೆಯಲ್ಲ, ನನ್ನ ಅಂಗಿ ಮೂಸೋಕೆ."

ಸಿಸ್ಟರು ನಗಲಿಲ್ಲ. "ಈ ಯಂತ್ರಕ್ಕೆ ಸಿಗರೇಟು ಅಂದ್ರೆ ಏನು ಅಂತ ಗೊತ್ತಿಲ್ಲ," ಎಂದರು. "ಏನಾದ್ರೂ ಸರಿಯಾಗಿ ಉರೀದೆ ಇದ್ರೆ ಒಂದು ಕೆಟ್ಟ ಗಾಳಿ ಹುಟ್ಟತ್ತೆ. ಸಿಗರೇಟಲ್ಲೂ ಅದು ಇರತ್ತೆ. ಇದಕ್ಕೆ ಗೊತ್ತಿರೋದು ಅದೊಂದೇ. ಅಂಗಡೀಲಿ ಜನರೇಟರ್ ಇದೆಯಾ? ಒಲೆ?"

"ಇಲ್ಲ. ಗಾಜು, ನಾನು, ಯಜಮಾನರು."

ಸಿಸ್ಟರು ಒಂದು ಹೊಸ ಕೊಳವೆ ತೆಗೆದು ನನ್ನ ಕಡೆ ಹಿಡಿದರು. "ಅಮ್ಮ, ನೀವು ಊದಿ."

"ನಾನಾ? ನನ್ನ ಜನ್ಮದಲ್ಲಿ ನಾನು ಬೀಡಿ ತುಂಡು ಕೂಡ..."

"ಗೊತ್ತು. ಅದಕ್ಕೇ ಊದಿ ಅಂದಿದ್ದು."

ಉಸಿರು ಹಿಡಿದೆ, ಎಣಿಸಿದೆ, ಊದಿದೆ. ಸಂಖ್ಯೆ ಏರಿತು, ಏರಿತು, ಹತ್ತೊಂಬತ್ತಕ್ಕೆ ನಿಂತಿತು.

ಮಗ ಬಾಗಿಲ ಹಿಡಿಕೆ ಬಿಟ್ಟ. "ಯಾವಾಗಿಂದಮ್ಮ? ಯಾವ ಬ್ರ್ಯಾಂಡು?" ಎಂದು ಗಟ್ಟಿಯಾಗಿ ನಕ್ಕ. ಸಿಸ್ಟರ ಮುಖ ನೋಡಿ ಅವನ ನಗು ಅಲ್ಲಿಗೇ ನಿಂತಿತು.

"ನಿಮಗೆ ತಲೆನೋವು ಬರತ್ತಾ?"

"ದಿನಾ."

"ಸ್ನಾನದ ನೀರು ಹೇಗೆ ಕಾಯಿಸ್ತೀರಿ?"

"ಗ್ಯಾಸ್ ಗೀಸರ್," ಎಂದ ಮಗ. "ಬಚ್ಚಲುಮನೆ ಒಳಗೇ ಇದೆ. ಆದ್ರೆ ಕಿಂಡಿ ಇದೆ ಸಿಸ್ಟರ್, ಯಾವಾಗಲೂ ತೆರೆದೇ ಇರತ್ತೆ."

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸೊಸೆ ಒಂಬತ್ತು ಗಂಟೆಗೆ ಮಗುವಿಗೆ ಎಣ್ಣೆ ಹಚ್ಚಿ ತಲೆಸ್ನಾನ ಮಾಡಿಸುತ್ತೇನೆ ಎಂದಿದ್ದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷ.

"ತೆರೆದಿಲ್ಲ," ಎಂದೆ. "ನಾನು ಮುಚ್ಚಿದ್ದೀನಿ. ಅವಳಿಗೆ ಫೋನ್ ಮಾಡು. ಮಗುನ ಬಚ್ಚಲಿಗೆ ಕರ್ಕೊಂಡು ಹೋಗಬೇಡ ಅನ್ನು. ಬೇಗ."

ಅವನು ಫೋನು ಮಾಡಿದ. ಸೊಸೆ ಗೀಸರ್ ಹಚ್ಚಿ ಬಕೆಟ್ಟಿಗೆ ನೀರು ಬಿಟ್ಟಿದ್ದಳು. ಮಗು ತಲೆಗೆ ಎಣ್ಣೆ ಸುರಿಸಿಕೊಂಡು ಬಾಗಿಲಲ್ಲಿ ನಿಂತಿತ್ತು. ಆರಿಸು, ಬಾಗಿಲು ಕಿಟಕಿ ಎಲ್ಲ ತೆಗೆದು ಇಬ್ಬರೂ ಆಚೆ ಬನ್ನಿ ಎಂದು ಸಿಸ್ಟರೇ ಫೋನು ತೆಗೆದುಕೊಂಡು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಆ ಗಾಳಿ ಕಣ್ಣಿಗೆ ಕಾಣಲ್ಲಮ್ಮ. ಮೂಗಿಗೂ ಸಿಗಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದು ಪ್ರಾಣ ಹೋಗಿರೋದುಂಟು. ಕಿಂಡಿ ಯಾಕೆ ಮುಚ್ಚಿದ್ರಿ?"

ಚಳಿಗಾಳಿ ಎಂಬ ಮಾತು ನಾಲಿಗೆಯ ತುದಿಯಲ್ಲಿಯೇ ಇತ್ತು. ನುಂಗಿದೆ. "ಇವನು ಒಳಗೆ ಸೇದಿದ್ರೆ ಹೊಗೆ ಆಚೆ ಹೋಗಬಾರದು ಅಂತ," ಎಂದೆ. "ನಂಗೆ ಸಿಗಲಿ ಅಂತ."

ಮಗ ನನ್ನನ್ನು ನೋಡಲಿಲ್ಲ. ಬೀರುವಿನ ಗಾಜಿನ ಸೊಟ್ಟ ಮೂಲೆಯನ್ನೇ ನೋಡುತ್ತಿದ್ದ. "ಹದಿನಾಲ್ಕು ಅವರದಲ್ಲ," ಎಂದು ಗಟ್ಟಿಯಾಗಿ ಹೇಳುತ್ತಾ ಸಿಸ್ಟರು ಕಾರ್ಡಿನಲ್ಲಿ ಅದನ್ನೇ ಬರೆದರು. "ಒಂದೂ ಇಲ್ಲ ಅಂದ್ರು. ಒಂದೂ ಇಲ್ಲ."

ಹೊರಗೆ ಬಂದಾಗ ಅವನು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಎದುರಿನ ಸಿಗರೇಟಿನಂಗಡಿಯ ಮುಂದೆ ಅವನ ಕಾಲು ನಿಧಾನವಾಯಿತು. ಅಂಗಡಿಯವನು ಹಳೆಯ ಗಿರಾಕಿಯ ಗುರುತು ಹಿಡಿದು ಪ್ಯಾಕೆಟ್ಟಿಗೆ ಕೈ ಹಾಕಿದ. ಬೇಡ ಕಂದ ಎನ್ನಲು ನನಗೆ ಯಾವ ಬಾಯಿ ಉಳಿದಿತ್ತು? ಹತ್ತು ಹೆಜ್ಜೆ ಹಿಂದೆಯೇ ನಿಂತೆ. ಅವನೂ ನಿಂತಿದ್ದ. ಆಮೇಲೆ, ತಿರುಗದೆಯೇ, "ಬೇಗ ಹೆಜ್ಜೆ ಹಾಕಮ್ಮ, ಮಗುನೂ ಇಲ್ಲಿಗೆ ಕರ್ಕೊಂಡು ಬರಬೇಕು," ಎಂದು ಮುಂದೆ ನಡೆದ.

ಮೊಮ್ಮಗಳು ಎಣ್ಣೆ ತಲೆಯಲ್ಲಿಯೇ ಬಂದು ಊದಿದಳು. ಹಿಂದಿನ ದಿನ ಸ್ನಾನ ಮಾಡಿದ್ದವಳು, ಎರಡು ಬಂತು. ನನಗೇ ಕಮ್ಮಿ ಎಂದು ಮುಖ ಊದಿಸಿದಳು. ಡಾಕ್ಟರು ಎಲ್ಲರನ್ನೂ ನೋಡಿದರು. ನನ್ನನ್ನು ಮಾತ್ರ ಮಧ್ಯಾಹ್ನದವರೆಗೆ ಅಲ್ಲಿಯೇ ಇರಿಸಿಕೊಂಡು, ಮೂಗಿಗೆ ಆಕ್ಸಿಜನ್ ಹಾಕಿ, ಸಂಖ್ಯೆ ಇಳಿದ ಮೇಲೆ ಕಳಿಸಿದರು. ಮನೆಗೆ ಬಂದಾಗ ಮಗ ಸ್ಟೂಲು ಹತ್ತಿ ಕಿಂಡಿಯ ಬಟ್ಟೆ ಎಳೆಯುತ್ತಿದ್ದ. ಎರಡು ಕೈಯಲ್ಲೂ ಜಗ್ಗಬೇಕಾಯಿತು, ಅಷ್ಟು ಬಿಗಿಯಾಗಿತ್ತು. ಗೀಸರ್ ಒಳಗೆ ಇರಲೇಬಾರದಿತ್ತು ಎಂದು ರಿಪೇರಿಯವನು ಹೇಳಿ, ಎರಡೇ ದಿನದಲ್ಲಿ ಹೊರಗಿನ ಗೋಡೆಗೆ ಸಾಗಿಸಿದ.

ಮಗ ನನ್ನ ಮೇಲೆ ರೇಗಾಡಲಿಲ್ಲ. ರೇಗಾಡಿದ್ದರೆ ಚೆನ್ನಾಗಿತ್ತು. ಅಂದಿನಿಂದ ತನ್ನ ಅಂಗಿಗಳನ್ನು ತಾನೇ ಒಗೆದುಕೊಳ್ಳತೊಡಗಿದ. ಕಾಲರ್ ಸರಿಯಾಗಿ ಉಜ್ಜುತ್ತಿರಲಿಲ್ಲ. ತಂತಿಯ ಮೇಲೆ ಆ ಕಾಲರುಗಳನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಅವನಿಗೆ ಮೂರು ಬಂತು. ಎದ್ದು ಹೊರಡಬೇಕು, ಅಷ್ಟರಲ್ಲಿ ಸಿಸ್ಟರು ಖಾನೆಯಿಂದ ಒಂದು ಹೊಸ ಕಾರ್ಡು ತೆಗೆದು ತಮ್ಮ ಮುಂದೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ನಿಮ್ಮದು? ಹೋದ ಸಲ ಇಲ್ಲಿಂದ ಹೋದ್ಮೇಲೆ, ಒಂದಾದ್ರೂ?"

"ಏನು ಒಂದಾದ್ರೂ?"

"ಅಂಗಿ."

ಇಲ್ಲ ಎನ್ನಬೇಕೆಂದಿದ್ದೆ. ಆದರೆ ಆ ದನಿಗೆ ಸುಳ್ಳು ಹೇಳುವುದು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು. ಸಕ್ಕರೆ ಬೇಕಾ ಎಂದು ಕೇಳಿದವರಿಗೆ ಯಾರಾದರೂ ಯಾಕೆ ಸುಳ್ಳು ಹೇಳುತ್ತಾರೆ? "ಒಂಬತ್ತು," ಎಂದೆ. "ಅವನು ಒಗೆಯೋ ಮುಂಚೆ, ಗೂಟದ ಮೇಲಿದ್ದಾಗ." ಒಂಬತ್ತು ಎಂದು ಬರೆದುಕೊಂಡರು. ಬೈಯಲಿಲ್ಲ. ಮೂಸಬೇಕು ಅನ್ನಿಸಿದಾಗ ಏನು ಮಾಡ್ತೀರಿ, ಕೈಗೆ ಬೇರೆ ಏನು ಕೆಲಸ ಕೊಡ್ತೀರಿ ಎಂದು ಅವನನ್ನು ಕೇಳಿದ ಹಾಗೆಯೇ ನನ್ನನ್ನೂ ಕೇಳಿದರು. ಮಗ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ವಾರ ಅವನ ಎರಡು ಅಂಗಿಗಳು ನನ್ನ ಒಗೆಯುವ ರಾಶಿಗೆ ತಾವಾಗಿಯೇ ಬಂದು ಬಿದ್ದವು.

ಎಂಟನೆಯ ತಿಂಗಳ ಮಾತು. ಸಿಸ್ಟರು ಪೆನ್ನಿನ ಮುಚ್ಚಳ ತೆಗೆದು ಕೇಳಿದರು. ಮಗ ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ, ಗಾಜಿನ ಅಂಚು ನೋಡುವ ಹಾಗೆ.

"ಒಂದು," ಎಂದ.

ಈ ಸಲ ಮುಖವನ್ನು ಹೇಗೋ ಹಿಡಿದಿಟ್ಟುಕೊಂಡೆ.

"ಯಾವತ್ತು?" ಎಂದು ಕೇಳಿದರು ಸಿಸ್ಟರು.

"ಕಾರ್ಖಾನೆಯಿಂದ ಬಂದ ಲೋಡಲ್ಲಿ ಹತ್ತು ಹಾಳೆ ಒಡೆದಿತ್ತು. ಯಜಮಾನರು ನನ್ನ ಮೇಲೆ ಹಾರಾಡಿದ್ರು. ಹೋಗಿ ಒಂದು ತಗೊಂಡೆ. ಅರ್ಧ ಸೇದಿ ಎಸೆದೆ. ಮನೇಲಿ ಹೇಳಿಲ್ಲ. ಇಲ್ಲಿ ಹೇಳಬೇಕು ಅಂತ ಇಟ್ಕೊಂಡಿದ್ದೆ," ಎಂದ.

ಸಿಸ್ಟರು ಒಂದು ಎಂದು ಬರೆದರು. ಹಾರಾಟದ ದಿನಕ್ಕೆಂದು ಗಮ್ ಅಂಗಡಿಯ ಖಾನೆಯಲ್ಲಿಯೇ ಇರಲಿ, ಈ ವಾರ ನಾನೊಂದು ಫೋನು ಹೆಚ್ಚಿಗೆ ಮಾಡುತ್ತೇನೆ ಎಂದರು. ಹನ್ನೊಂದು ವರ್ಷ ನನ್ನ ಮನೆಯ ಗಡಿಯಾರದ ಹೊಟ್ಟೆಯಲ್ಲಿ ಇದ್ದದ್ದು ಇಲ್ಲಿ ಹೀಗೆ ಮೇಜಿನ ಮೇಲೆ ಬಂದು ಕೂತಿತ್ತು. ಯಾರೂ ಕಿರುಚಿರಲಿಲ್ಲ.

"ಅಮ್ಮ, ನಿಮ್ಮದು?"

"ಎರಡು," ಎಂದೆ.

ಮಗ ನನ್ನ ಕಡೆ ತಿರುಗಿದ. "ಯಾವ ಯಾವುದು?"

"ನೀಲಿದು. ಮತ್ತೆ ಆ ಗೆರೆದು."

"ಅವತ್ತು ಹಾಕಿದ್ದು ಬಿಳೀದು," ಎಂದ.

ಸಿಸ್ಟರು ಎರಡು ಎಂದು ಬರೆದುಕೊಂಡರು. ಇಬ್ಬರ ಕಾರ್ಡಿನಲ್ಲೂ ಒಂದೇ ತಾರೀಖು ಹಾಕಿ, ಒಂದರ ಮೇಲೊಂದು ಇಟ್ಟು, ನನ್ನ ಕೈಗೆ ಕೊಟ್ಟರು.